ಬಿಸಿ ಇಳಿಸುವ ಜಾಗ

ಮಗಳು ಸುಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ವರ್ಷ ಜಗದೇವಿ ಕೊನೆಗೂ ಕೋಣೆ ತಣಿಸುವ ತಂಪುಪೆಟ್ಟಿಗೆ ಕೊಳ್ಳಲು ಒಪ್ಪಿದಳು.

ಅಷ್ಟು ಹೊತ್ತಿಗಾಗಲೇ ಕಲಬುರಗಿಯಲ್ಲಿ ತಂಪುಪೆಟ್ಟಿಗೆ ಇಲ್ಲದ ಮನೆಯನ್ನು ಹುಡುಕಬೇಕಾಗಿತ್ತು. ಬೇಸಿಗೆ ಶಿವರಾತ್ರಿಗಿಂತ ಮುಂಚೆಯೇ ಕಾಲಿಡುತ್ತಿತ್ತು, ಮಳೆಗಾಲ ಬಂದರೂ ಜಾಗ ಬಿಡುತ್ತಿರಲಿಲ್ಲ. ಹಗಲು ಕಾದ ಗೋಡೆಗಳು ಬೆಳಗಿನ ಜಾವಕ್ಕೂ ಆರುತ್ತಿರಲಿಲ್ಲ. ಮಾಳಿಗೆಯ ಮೇಲೆ ಮಲಗುವ ರೂಢಿ ಜನರಿಗೆ ತಪ್ಪಿಹೋಗಿತ್ತು. ಜಗದೇವಿಯ ಓಣಿಯಲ್ಲಿ ಒಬ್ಬೊಬ್ಬರೇ ಪೆಟ್ಟಿಗೆ ತಂದುಕೊಂಡರು. ಅವಳು ಮಾತ್ರ ಬೇಡ ಎನ್ನುತ್ತಿದ್ದಳು. ಯಾಕೆಂದು ಗಂಡ ಕಾಶೀನಾಥ ಕೇಳಿದರೆ, "ಆ ಬಿಸಿ ಎಲ್ಲಿಗೆ ಬರ್ತದ ಅನ್ನೋದು ನಾ ದಿನಾ ನೋಡ್ತೀನಿ" ಎಂದು ಮಾತು ಮುಗಿಸುತ್ತಿದ್ದಳು. ಅವಳ ಕೆಲಸವೇ ಅಂಥದು.

ಸುಗಲಾ ಎಂಟು ತಿಂಗಳ ಹೊಟ್ಟೆ ಹೊತ್ತು ಬಂದು, ಮೊದಲ ಮಧ್ಯಾಹ್ನವೇ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು ಮೈಮೇಲೆ ನೀರು ಸುರಿದುಕೊಳ್ಳುತ್ತಲೇ ಇದ್ದಳು. ನಳದ ನೀರೂ ಬಿಸಿ. ಅವಳ ಮುಖ ಕೆಂಪೇರಿ, ಕಣ್ಣು ಗುಳಿಬಿದ್ದಿದ್ದನ್ನು ನೋಡಿದ ಜಗದೇವಿ ಅಂದೇ ಸಂಜೆ ಗಂಡನನ್ನು ಕರೆದುಕೊಂಡು ಸೂಪರ್ ಮಾರ್ಕೆಟ್ಟಿನ ಅಂಗಡಿಗೆ ಹೋದಳು.

ಅಂಗಡಿಯವನು ಮೊದಲು ತೋರಿಸಿದ್ದು ಹಳೆಯ ತರಹದ ಯಂತ್ರವನ್ನು. ಗಾಲಿಗಳ ಮೇಲೆ ನಿಂತ ಬಿಳಿಯ ಪೆಟ್ಟಿಗೆ, ಹಿಂದೆ ಆನೆಯ ಸೊಂಡಿಲಿನಂಥ ದಪ್ಪ ಪೈಪು.

"ಈ ಪೈಪ್ ಕಿಟಕಿಯಿಂದ ಹೊರಗ ಬಿಟ್ರ ಆಯ್ತ್ರಿ. ಒಳಗಿನ ಬಿಸಿ ಎಲ್ಲಾ ಹೊರಗ ಹೋಗ್ತದ."

"ಹೊರಗ ಅಂದ್ರ ಎಲ್ಲಿ?" ಎಂದ ಕಾಶೀನಾಥ. ಅವನು ಸರ್ಕಾರಿ ಶಾಲೆಯ ಚಿತ್ರಕಲೆ ಮಾಸ್ತರ. ಏನನ್ನು ಕೇಳಿದರೂ ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುವ ಅಭ್ಯಾಸ. "ನಮ್ದು ಸಾಲುಮನಿ. ಎರಡೂ ಕಡೆ ಗ್ವಾಡಿ ಕೂಡ್ಯಾವ. ಇರೋದು ಒಂದೇ ಕಿಟಕಿ, ಅದೂ ಓಣಿ ಕಡೆ."

"ಓಣಿಗೇ ಬಿಡ್ರಿ."

"ಓಣ್ಯಾಗ ಅಂಬಾರಾಯನ ಇಸ್ತ್ರಿ ಅಂಗಡಿ ಅದ. ಕಿಟಕಿಯಿಂದ ಬಿಟ್ಟ ಗಾಳಿ ಸೀದಾ ಅವನ ಕಡೀಗೇ ಹೋಗ್ತದ. ಅವನ ಮಾರಿಗೆ ಬಿಸಿ ಬಿಟ್ಟು ನಾವು ಒಳಗ ತಣ್ಣಗ ಮಲಗೋದೇನು?"

ಅಂಗಡಿಯವನು ನಕ್ಕು, ಪೈಪಿಲ್ಲದ ಹೊಸ ತರಹದ್ದನ್ನು ಮುಂದೆ ತಂದ. ಅದನ್ನು ವಿವರಿಸಲು ಬಾಯಿ ತೆರೆದವನಿಗೆ ಕಾಶೀನಾಥ, "ಇವರಿಗೆ ಹೇಳಬ್ಯಾಡ್ರಿ. ಇವರು ಬಿಸಿ ಇಳಿಸೋ ಅಂಗಳದಾಗೇ ಕೆಲಸ ಮಾಡ್ತಾರ" ಎಂದ. ಅಂಗಡಿಯವನು ಜಗದೇವಿಯನ್ನು ಹೊಸದಾಗಿ ನೋಡುವವನಂತೆ ನೋಡಿ, "ಹಂಗಾದ್ರ ನಿಮಗ ಇಟ್ಟಿಗಿ ಚಿಂತಿ ಇಲ್ಲ ಬಿಡ್ರಿ" ಎಂದ.

ಇಟ್ಟಿಗೆ ಎಂದು ಜನ ಕರೆಯುತ್ತಿದ್ದದ್ದು ಪೆಟ್ಟಿಗೆಯ ತಳದಲ್ಲಿ ಕೂರುವ ಉಪ್ಪಿನ ಗಟ್ಟಿಯನ್ನು. ಕಲ್ಲುಪ್ಪಿನಂತೆ ಕಾಣುವ ಆ ಲವಣವನ್ನು ಲೋಹದ ಕವಚದಲ್ಲಿ ತುಂಬಿರುತ್ತಿದ್ದರು. ಯಂತ್ರ ಕೋಣೆಯ ಬಿಸಿಯನ್ನು ಹೀರಿ ಅದರೊಳಕ್ಕೆ ತಳ್ಳುತ್ತಿತ್ತು. ಬಿಸಿ ಕುಡಿದಂತೆ ಉಪ್ಪು ಕರಗುತ್ತಿತ್ತು. ಪೂರ್ತಿ ಕರಗಿದಾಗ ಕೆಂಪು ದೀಪ ಹತ್ತುತ್ತಿತ್ತು. ಈ ಲವಣದ ಗುಣವೇ ವಿಚಿತ್ರ. ಕರಗಿದ ಮೇಲೆ ಅದು ತಾನಾಗಿ ಗಟ್ಟಿಯಾಗುವುದಿಲ್ಲ. ಕುಡಿದ ಬಿಸಿಯನ್ನು ಗುಟ್ಟಾಗಿ ಒಳಗಿಟ್ಟುಕೊಂಡು, ಮುಟ್ಟಿದರೆ ಉಗುರುಬೆಚ್ಚಗೂ ಇಲ್ಲದಂತೆ ಸುಮ್ಮನೆ ಬಿದ್ದಿರುತ್ತದೆ. ಮೂಲೆಯಲ್ಲಿರುವ ಸಣ್ಣ ಗುಂಡಿಯನ್ನು ಒತ್ತಿದರೆ, ಇಲ್ಲವೇ ಜೋರಾಗಿ ಪೆಟ್ಟು ಬಿದ್ದರೆ, ಒಂದೇ ಗಳಿಗೆಯಲ್ಲಿ ಹೆಪ್ಪುಗಟ್ಟಿ ಅಷ್ಟೂ ಬಿಸಿಯನ್ನು ಹೊರಗೆ ಬಿಡುತ್ತದೆ. ದಿನಾ ಬೆಳಿಗ್ಗೆ ವ್ಯಾನು ಬಂದು ತುಂಬಿದ ಇಟ್ಟಿಗೆ ಒಯ್ದು ಖಾಲಿ ಇಟ್ಟಿಗೆ ಕೊಡುತ್ತಿತ್ತು. ತುಂಬಿದವೆಲ್ಲ ಊರ ಹೊರಗಿನ ಅಂಗಳಕ್ಕೆ ಬರುತ್ತಿದ್ದವು. ಆ ಅಂಗಳದ ನಿಯಂತ್ರಣ ಕೋಣೆಯಲ್ಲಿ ಜಗದೇವಿ ಪಾಳಿಯ ಮೇಲ್ವಿಚಾರಕಿ.

ಮರುವಾರವೇ ಸುಗಲಾಗೆ ನೋವು ಕಾಣಿಸಿಕೊಂಡಿತು. ದಿನ ತುಂಬುವ ಮೊದಲೇ ಹೆಣ್ಣುಕೂಸು ಹುಟ್ಟಿತು, ಅಂಗೈಯಗಲದ ಬೆನ್ನಿನ ಕೂಸು. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ ಒಂದೇ ಮಾತು ಹೇಳಿದ್ದರು: ಕೂಸನ್ನು ಸೆಕೆಗೆ ಬಿಡಬೇಡಿ, ಅದರ ಮೈಗೆ ಬಿಸಿ ತಡೆಯುವ ಶಕ್ತಿ ಇನ್ನೂ ಬಂದಿಲ್ಲ.

ಮನೆಯಲ್ಲಿ ಬೇರೆಯೇ ಕಟ್ಟಳೆ ಕಾದಿತ್ತು. ಜಗದೇವಿಯ ಅತ್ತೆ ಗುಂಡಮ್ಮ ಅಟ್ಟದ ಮೇಲಿಂದ ಕೆಂಡ ತುಂಬುವ ಶೇಗಡಿ ಇಳಿಸಿ, ತೊಳೆದು, ಬಾಣಂತಿಯ ಹೊರಸಿನ ಕೆಳಗೆ ಇಡಲು ಸಿದ್ಧವಾಗಿದ್ದಳು.

"ಅತ್ತಿ, ಹೊರಗ ನೋಡ್ರಿ. ಊರೇ ಶೇಗಡಿ ಆಗ್ಯಾದ" ಎಂದಳು ಜಗದೇವಿ.

"ನಾ ನಿನ್ನ ಗಂಡನ್ನ ಹಡದಾಗೂ ಬ್ಯಾಸಗಿನೇ ಇತ್ತು. ಬಾಣಂತಿಗಿ ತಣ್ಣನ ಗಾಳಿ ಬಡದ್ರ ಸನ್ನಿ ಹಿಡೀತದ."

ಕೊನೆಗೆ ಇಬ್ಬರೂ ಅರ್ಧರ್ಧ ಸೋತರು. ಪೆಟ್ಟಿಗೆಯ ಮುಂದೆ ಹಳೆಯ ಇಳಕಲ್ ಸೀರೆಯೊಂದನ್ನು ಕಟ್ಟಿ, ಗಾಳಿ ನೇರವಾಗಿ ಬಾಣಂತಿಗೆ ಬಡಿಯದಂತೆ ಮಾಡಿದರು. ಎರೆಯುವ ನೀರಿಗೆ ಮಾತ್ರ ಗುಂಡಮ್ಮ ಹೊಸ ದಾರಿ ಕಂಡುಕೊಂಡಳು. ತುಂಬಿದ ಇಟ್ಟಿಗೆಯನ್ನು ಹಂಡೆಯೊಳಗಿಳಿಸಿ ಕೋಲಿನಿಂದ ಗುಂಡಿ ಒತ್ತಿದರೆ ನೀರು ಹಬೆಯಾಡುವಷ್ಟು ಕಾಯುತ್ತಿತ್ತು. "ಮೊಮ್ಮಗಳ ಮೈಯಾಗಿನ ಬಿಸೀಲೇ ಮೊಮ್ಮಗಳಿಗೆ ಎರೀತೀನಿ" ಎಂದು ಅವಳು ಓಣಿಗೆಲ್ಲ ಹೇಳಿಕೊಂಡು ಬಂದಳು. ಓಣಿಯವರು ಇನ್ನೂ ಮುಂದೆ ಹೋಗಿದ್ದರು. ಅಂಬಾರಾಯ ಇದ್ದಿಲು ಬಿಟ್ಟು ವರ್ಷಗಳೇ ಆಗಿದ್ದವು. ತಗಡಿನ ಶೆಡ್ಡಿನಲ್ಲಿ ಕಬ್ಬಿಣದ ಮೇಜಿನ ಹೊಟ್ಟೆಗೆ ಇಟ್ಟಿಗೆ ಸರಿಸಿ, ಗುಂಡಿ ಒತ್ತಿ, ಕಾದ ಹಾಳೆಯ ಮೇಲೆ ಬಟ್ಟೆ ಹಾಸಿ ಗುಂಡಿನಂಥ ಭಾರ ಉರುಳಿಸುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಅಲ್ಲೇ ಉಂಡು ಅಲ್ಲೇ ಮಲಗುತ್ತಿದ್ದ. ಮಗಳನ್ನು ಆಳಂದಕ್ಕೆ ಕೊಟ್ಟಿದ್ದ. ಬೆಳಿಗ್ಗೆ ವ್ಯಾನು ತಪ್ಪಿಸಿಕೊಂಡವರು ಇಟ್ಟಿಗೆಯನ್ನು ಅವನ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದರು. ಅವನು ಬೇಡ ಎಂದದ್ದಿಲ್ಲ.

ಹೀಗೆ ಕೋಣೆ ತಂಪಾಗಿತ್ತು. ಕೂಸು ಮೊಲೆ ಹಿಡಿಯಲು ಕಲಿಯಿತು. ಸುಗಲಾ ನಿದ್ದೆ ಮಾಡಿದಳು. ಇಷ್ಟು ದಿನ ಸುಮ್ಮನೆ ಹಟ ಹಿಡಿದೆನೇನೋ ಎಂದು ಜಗದೇವಿಗೂ ಅನ್ನಿಸಿತು.

ಅಂಗಳ ಶಹಾಬಾದ್ ರಸ್ತೆಯಾಚೆ, ಹಾಳುಬಿದ್ದ ಕಲ್ಲಿನ ಗಣಿಗಳ ನಡುವೆ ಇತ್ತು. ಕಣ್ಣಳತೆಯವರೆಗೂ ಹೊಳೆಯುವ ಹಲಗೆಗಳು ಆಕಾಶಕ್ಕೆ ಎದೆಯೊಡ್ಡಿ ಮಲಗಿದ್ದವು. ಅವುಗಳ ಕೆಳಗಿನ ಕೊಳವೆಗಳಿಗೆ ಇಟ್ಟಿಗೆಗಳ ಬಿಸಿಯನ್ನು ಇಳಿಸುತ್ತಿದ್ದರು. ಹಲಗೆ ಆ ಬಿಸಿಯನ್ನು ಕಿರಣವಾಗಿಸಿ ಮೇಲಕ್ಕೆ ಬಿಡುತ್ತಿತ್ತು. ಆಕಾಶ ತಿಳಿಯಾಗಿದ್ದರೆ ಆ ಕಿರಣ ಗಾಳಿಯನ್ನು ಕಾಯಿಸದೆ ಭೂಮಿಯನ್ನೇ ದಾಟಿ ಹೋಗುತ್ತಿತ್ತು. ಆಚೆಯ ಬಾಹ್ಯಾಕಾಶದಲ್ಲಿ ಎಷ್ಟು ಬಿಸಿ ಸುರಿದರೂ ಸಾಲದಷ್ಟು ಚಳಿ. ಈ ಉಪಾಯ ಕಂಡುಹಿಡಿದವರಿಗೆ ದೊಡ್ಡ ದೊಡ್ಡ ಪ್ರಶಸ್ತಿಗಳು ಬಂದಿದ್ದವು. ಒಂದು ಊರಿನ ಸೆಕೆಯನ್ನೇ ಕಟ್ಟಿ ಆಚೆ ಎಸೆಯುವ ಉಪಾಯ ಅದು. ಮೊದಮೊದಲು ಜಗದೇವಿಗೂ ಅದರ ಬಗ್ಗೆ ಹೆಮ್ಮೆ ಇತ್ತು.

ಆ ವರ್ಷ ಆಕಾಶ ಮುಚ್ಚಿಕೊಂಡಿತು.

ಮೋಡವೆಂದರೆ ಮೋಡವಲ್ಲ, ಧೂಳೆಂದರೆ ಧೂಳಲ್ಲ. ಪಡುವಣದಿಂದ ಬಂದ ತೇವವೂ ಬಯಲುಸೀಮೆಯ ಧೂಳೂ ಬೆರೆತು, ಮಾಸಿದ ದುಪ್ಪಟಿಯ ಹಾಗೆ ಊರ ಮೇಲೆ ಹೊದ್ದುಕೊಂಡವು. ಮಳೆ ಬೀಳಲಿಲ್ಲ, ಗಾಳಿ ಬೀಸಲಿಲ್ಲ. ನಿಯಂತ್ರಣ ಕೋಣೆಯ ಪರದೆಯ ಮೇಲೆ, ಮೇಲೆ ಹೋಗಬೇಕಿದ್ದ ಬಿಸಿಯ ಗೆರೆ ಅರ್ಧಕ್ಕೇ ಬಾಗಿ ಕೆಳಗೆ ಬರುತ್ತಿತ್ತು. ಎಸೆದದ್ದನ್ನು ಆಕಾಶ ತಿರುಗಿ ಊರ ಮೇಲೆಯೇ ಚೆಲ್ಲುತ್ತಿತ್ತು.

"ಒಂದೆರಡು ದಿನ ನೋಡೋಣ್ರಿ ಮೇಡಂ" ಎಂದ ಅವಳ ಪಾಳಿಯ ಇಮ್ತಿಯಾಜ್. ಕೊಳವೆಗಳ ಕವಾಟ ನೋಡಿಕೊಳ್ಳುವವನು ಅವನು, ಶಾಂತ ಮನುಷ್ಯ.

ಒಂದೆರಡು ದಿನ ವಾರವಾಯಿತು. ಇಟ್ಟಿಗೆಗಳು ಗೋದಾಮು ತುಂಬಿ, ಅಂಗಳದಲ್ಲಿ ಗೋಡೆಗಳಂತೆ ಎದ್ದವು. ಬೆಂಗಳೂರಿನ ಕೇಂದ್ರ ಕಚೇರಿಯಿಂದ ಸಾಹೇಬರು ಫೋನಿನಲ್ಲಿ, ಹಾಗಾದರೆ ಗಾಳಿಗೇ ಬಿಡಿ, ಊರಿಂದ ದೂರ ಇದೆಯಲ್ಲ ಎಂದರು. ಜಗದೇವಿ ಹಲಗೆಗಳ ಪಕ್ಕದ ದೊಡ್ಡ ಫ್ಯಾನುಗಳನ್ನು ತೆರೆಸಿದಳು. ಊರಿಂದ ದೂರ ಇತ್ತು, ನಿಜ. ಆದರೆ ಬೇಲಿಯಾಚೆಗೇ ಒಂದು ತಾಂಡಾ ಇತ್ತು.

ಮಾರನೆಯ ದಿನ ತಾಂಡಾದ ಹೆಂಗಸರು ಗೇಟಿಗೆ ಬಂದರು. ಯಾರೂ ಕೂಗಾಡಲಿಲ್ಲ. ಮುಂದಿದ್ದ ಸೀತಾಬಾಯಿ ಎಂಬಾಕೆ, ಕನ್ನಡಿ ಹೊಲಿದ ಸೆರಗಿನೊಳಗಿಂದ ಒಂದು ಮಗುವನ್ನು ತೆಗೆದು ಜಗದೇವಿಗೆ ತೋರಿಸಿದಳು. ಮಗುವಿನ ತುಟಿ ಒಡೆದಿತ್ತು. ಅತ್ತರೆ ಕಣ್ಣೀರು ಬರುತ್ತಿರಲಿಲ್ಲ.

"ನಿಮ್ಮ ಊರಿನ ಬಿಸಿ ಅಂತಲ್ಲಾ ಇದು" ಎಂದಳು ಸೀತಾಬಾಯಿ. "ನಮ್ಮ ತಾಂಡಾದಾಗ ಒಂದು ಮನ್ಯಾಗೂ ಪೆಟಗಿ ಇಲ್ಲ. ನಾವ್ಯಾಕ ಇದನ್ನ ತಿನ್ನಬೇಕು, ಹೇಳು ತಾಯಿ."

ಜಗದೇವಿ ಒಳಗೆ ಹೋಗಿ ಫ್ಯಾನುಗಳನ್ನು ನಿಲ್ಲಿಸಿದಳು. ಆಮೇಲೆ ಬೆಂಗಳೂರಿಗೆ ಫೋನು ಮಾಡಿ, ಜಾಗ ಇಲ್ಲ ಸರ್ ಎಂದಳು. ಸಾಹೇಬರು, ಕೆರೆಗೆ ಬಿಟ್ಟರೆ ಎಂದರು. ಊರು ಕುಡಿಯುವ ಕೆರೆ ಅದು, ಅರ್ಧ ದಿನದಲ್ಲಿ ಕುದಿಯುತ್ತದೆ ಎಂದು ಅವಳು ಲೆಕ್ಕ ಹಾಕಿ ಹೇಳಿದಳು. ಬೀದರಿನ ಅಂಗಳಕ್ಕೆ ಕಳಿಸಿದರೆ ಎಂದರು. ಅಲ್ಲಿಯೂ ಇದೇ ಆಕಾಶ. ಕೊನೆಗೆ ಅವರು, ನಿಮಗೆ ತಿಳಿದಂತೆ ಮಾಡಿ ಎಂದು ಫೋನು ಇಟ್ಟರು. ಬಿಸಿಯನ್ನು ಎಲ್ಲಿ ಬೇಕಾದರೂ ಒಯ್ಯಬಹುದಿತ್ತು, ಎಲ್ಲಿಯೂ ಇಳಿಸುವಂತಿರಲಿಲ್ಲ.

ವ್ಯಾನುಗಳು ನಿಂತವು. ಎಲ್ಲರ ಫೋನಿಗೂ ಅಂಗಳದಿಂದ ಒಂದು ಸಂದೇಶ ಹೋಯಿತು: ಪೆಟ್ಟಿಗೆಯನ್ನು ಆದಷ್ಟು ಕಡಿಮೆ ಬಳಸಿ, ತುಂಬಿದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಆ ಸಂದೇಶವನ್ನು ಬರೆದವಳು ಜಗದೇವಿಯೇ. ಮನೆಗೆ ಬಂದರೆ ಕಾಶೀನಾಥ ಅದನ್ನು ಅವಳಿಗೇ ಓದಿ ಹೇಳಿದ.

"ಕಡಿಮಿ ಅಂದ್ರ ಎಷ್ಟು?" ಎಂದ. ಒಳಗೆ ಕೂಸು ಮಲಗಿತ್ತು.

ಹೊರಗಿನ ಹವೆ ತೇವವಾಗಿ, ಬೆವರು ಆರದೆ, ಉಸಿರು ಎಳೆದುಕೊಂಡರೆ ಬಾಯಿಗೆ ಒದ್ದೆ ಅರಿವೆ ಒತ್ತಿದ ಹಾಗಾಗುತ್ತಿತ್ತು. ಅಂಥದರಲ್ಲಿ ಆರೋಗ್ಯವಂತರೇ ಕುಸಿಯುತ್ತಿದ್ದರು. ಎರಡು ಹೊತ್ತು ಪೆಟ್ಟಿಗೆ ನಿಲ್ಲಿಸಿ ನೋಡಿದರು. ಕೂಸು ಮೊದಲು ಅತ್ತಿತು, ಆಮೇಲೆ ಅಳುವುದನ್ನು ನಿಲ್ಲಿಸಿತು. ಅಳು ನಿಂತದ್ದಕ್ಕೇ ಎಲ್ಲರೂ ಹೆದರಿದರು. ಗುಂಡಮ್ಮನೇ ಎದ್ದು ಹೋಗಿ ಪೆಟ್ಟಿಗೆಯ ಗುಂಡಿ ತಿರುವಿದಳು.

ಮಾರನೆಯ ದಿನ ಪಾಳಿ ಮುಗಿಸಿ ಹೊರಟಾಗ ಇಮ್ತಿಯಾಜ್ ಅವಳ ಸ್ಕೂಟಿಯ ಹಿಂದೆ ಒಂದು ಗೋಣಿಚೀಲ ಕಟ್ಟುತ್ತಿದ್ದ.

"ಏನದು?"

"ಖಾಲಿ ಇಟ್ಟಿಗೀರಿ ಮೇಡಂ. ದವಾಖಾನಿಗೆ ಅಂತ ತೆಗೆದಿಟ್ಟಿದ್ವಲ್ಲ, ಅದರಾಗಿಂದು. ಮನ್ಯಾಗ ಕೂಸದ."

ಬೇಡ ಎನ್ನಲು ಅವಳು ಬಾಯಿ ತೆರೆದಳು. ಇಮ್ತಿಯಾಜ್ ಅವಳ ಮುಖ ನೋಡದೆ ಹಗ್ಗದ ಗಂಟು ಬಿಗಿದ. ಸ್ಕೂಟಿ ಗೇಟು ದಾಟಿದಾಗ ಕಾವಲುಗಾರನೂ ಆಚೆ ನೋಡಿದ.

ತುಂಬಿದ ಇಟ್ಟಿಗೆಗಳನ್ನು ಎಲ್ಲಿಡುವುದು ಎಂಬುದು ಈಗ ಓಣಿಯ ಒಂದೇ ಮಾತಾಯಿತು. ಮಾಳಿಗೆಯ ಮೇಲಿಟ್ಟವರು ಬಿಸಿಲಿಗೆ ಹೆದರಿ ಕೆಳಗೆ ತಂದರು. ಮೆಟ್ಟಿಲ ಕೆಳಗಿಟ್ಟವರು ಮಕ್ಕಳಿಗೆ ಹೆದರಿ ಹೊರಗೆ ತಂದರು. ಕೊನೆಗೆ ಎಲ್ಲವೂ ಅಂಬಾರಾಯನ ಶೆಡ್ಡಿಗೆ ಬಂದವು. ನಿನಗೆ ಹೇಗೂ ಬೇಕಲ್ಲ ಎಂದು ಒಬ್ಬರು ಹೇಳಿದರು, ಉಳಿದವರು ಹೇಳದೆಯೇ ಇಟ್ಟು ಹೋದರು. ದಿನಕ್ಕೆ ಎರಡು ಇಟ್ಟಿಗೆ ಬೇಕಾಗುವ ಅವನ ಶೆಡ್ಡಿನಲ್ಲಿ ಮೂರು ಕಡೆಯ ತಗಡೂ ಕಾಣದಂತಾಯಿತು. ಇಸ್ತ್ರಿಗೆ ಬಂದ ಬಟ್ಟೆಗಳನ್ನು ಅವನು ಅವುಗಳ ಮೇಲೆಯೇ ಮಡಚಿಡುತ್ತಿದ್ದ.

ಜಗದೇವಿ ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನಿಂತು ನೋಡಿದಳು.

"ಅಂಬಾರಾಯ, ಹಿಂಗ ಒಂದರ ಮ್ಯಾಲೊಂದು ಇಡಬಾರದು. ಒಂದು ಸಿಡದ್ರ ಅದರ ಬಿಸಿಗಿ ಬಾಜೂದು ಉಬ್ಬತದ, ಉಬ್ಬಿ ಅದರ ಗುಂಡಿ ಒತ್ತತದ. ಎಲ್ಲಾ ಒಂದೇ ಸಲ ಹೋಗ್ತಾವ."

"ಗೊತ್ತದ್ರಿ ಅಕ್ಕೋರೆ. ನಿಮ್ಮ ಮೆಸೇಜು ನನಗೂ ಬಂದದ."

"ಮತ್ತ ಬ್ಯಾಡ ಅನ್ನು ಅವರಿಗೆ."

"ಯಾರಿಗಂತ ಬ್ಯಾಡ ಅನ್ನಲಿ? ಎಲ್ಲಾ ನಮ್ಮವರೇ. ಅವರಾದ್ರೂ ಎಲ್ಲಿ ಇಡ್ಬೇಕು?" ಅವನು ಒಂದು ಅಂಗಿಯ ತೋಳನ್ನು ಸರಿಮಾಡುತ್ತ, ಆಮೇಲೆ ಮೆಲ್ಲಗೆ ಅಂದ, "ಮಾಸ್ತರ್ರು ನಿನ್ನೆ ಎರಡು ಇಟ್ಟು ಹೋದ್ರಿ. ನಾ ಒಳಗ, ಅಗದೀ ಹಿಂದ ಇಟ್ಟೀನಿ. ಕೂಸು ಆರಾಮದ ಅಲ್ಲ?"

ಜಗದೇವಿ ಹೂಂ ಎಂದಳು. ಸ್ಕೂಟಿ ಶುರುಮಾಡಿದಳು. ಸಂಜೆ ಬಂದು ನಮ್ಮವನ್ನಾದರೂ ತೆಗೆಸಬೇಕು ಎಂದುಕೊಂಡಳು. ಸಂಜೆ ಬಂದಾಗ, ತೆಗೆಸಿ ಎಲ್ಲಿಡುವುದು ಎಂದು ತಿಳಿಯದೆ ಒಳಗೆ ಹೋದಳು.

ಅದಾದ ಮೂರನೆಯ ಮಧ್ಯಾಹ್ನ ಅವಳಿಗೆ ರಜೆ. ಊಟ ಮುಗಿದು, ಓಣಿಯೆಲ್ಲ ಬಾಗಿಲು ಹಾಕಿಕೊಂಡು ಬಿದ್ದುಕೊಂಡಿತ್ತು. ಹೊರಗೆ ಮೊದಲು ಕೇಳಿಸಿದ್ದು ಒಂದು ಸಣ್ಣ ಸದ್ದು, ಒಲೆಯ ಮೇಲಿನ ಹಂಚು ಬಿರುಕು ಬಿಟ್ಟಂತೆ. ಆಮೇಲೆ ಅಂಥವೇ ಇನ್ನೆರಡು. ಆಮೇಲೆ ಮಳೆಯ ಹನಿ ತಗಡಿನ ಮೇಲೆ ಬಿದ್ದ ಹಾಗೆ ಎಡೆಬಿಡದೆ. ಸದ್ದು ಏನೆಂದು ಓಣಿಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾದದ್ದು ಜಗದೇವಿಗೆ. ಅವಳು ಬರಿಗಾಲಲ್ಲಿ ಓಡಿದಳು.

ಶೆಡ್ಡಿಗೆ ಬೆಂಕಿ ಹತ್ತಿರಲಿಲ್ಲ. ಹೊಗೆಯೂ ಇರಲಿಲ್ಲ. ತಗಡಿನ ಸುತ್ತ ಗಾಳಿ ನೀರಿನಂತೆ ನಡುಗುತ್ತಿತ್ತು, ಅಷ್ಟೇ. ಹತ್ತು ಹೆಜ್ಜೆ ದೂರದಲ್ಲೇ ಮುಖ ಸುಟ್ಟಂತಾಗಿ ಅವಳು ನಿಂತುಬಿಟ್ಟಳು. ಬಾಗಿಲಿನಿಂದ ಅಂಬಾರಾಯ ಹೊರಬಂದ. ಎದೆಗೆ ಒಂದು ಬಟ್ಟೆಯ ಗಂಟು ಅವಚಿಕೊಂಡಿದ್ದ. ಅದನ್ನು ಕಟ್ಟೆಯ ಮೇಲಿಟ್ಟು, ಜನ ಬೇಡ ಬೇಡ ಎನ್ನುತ್ತಿದ್ದಂತೆ ಮತ್ತೆ ಒಳಹೊಕ್ಕ. ಎರಡನೆಯ ಸಲ ಅವನು ತಾನಾಗಿ ಹೊರಗೆ ಬರಲಿಲ್ಲ. ಕಾಶೀನಾಥನೂ ಎದುರು ಮನೆಯವರೂ ಒದ್ದೆ ಕಂಬಳಿ ಹೊದ್ದು ಹೋಗಿ, ಕಾಲು ಹಿಡಿದು ಎಳೆದು ತಂದರು.

ಮೈಮೇಲೆ ಹೆಚ್ಚು ಗಾಯವಿರಲಿಲ್ಲ. ಆದರೆ ಚರ್ಮ ಒಣಗಿ, ಮುಟ್ಟಿದರೆ ಕೈ ಹಿಂತೆಗೆಯುವಷ್ಟು ಸುಡುತ್ತಿತ್ತು. ಬೆವರಿನ ಸುಳಿವಿರಲಿಲ್ಲ. ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸುತ್ತಿರಲಿಲ್ಲ. ಆಂಬುಲೆನ್ಸಿಗೆ ಫೋನು ಮಾಡಿದರು. ಊರಲ್ಲೆಲ್ಲ ಇಂಥವೇ ಕರೆಗಳು, ತಡವಾಗುತ್ತದೆ, ಅಲ್ಲಿಯವರೆಗೆ ತಂಪಾದ ಜಾಗದಲ್ಲಿ ಮಲಗಿಸಿ ಎಂದಿತು ಆ ಕಡೆಯ ದನಿ.

ತಂಪಾದ ಜಾಗ. ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿದರು. ಇಟ್ಟಿಗೆಗಳೆಲ್ಲ ತುಂಬಿ ಓಣಿಯ ಪೆಟ್ಟಿಗೆಗಳು ನಿಂತು ದಿನಗಳಾಗಿದ್ದವು. ಯಾರ ಮನೆಯಲ್ಲಿ ಇನ್ನೂ ಸದ್ದು ಕೇಳುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅಲ್ಲಿ ಬಾಣಂತಿ ಇದ್ದಾಳ" ಎಂದಳು ಗುಂಡಮ್ಮ ಬಾಗಿಲಲ್ಲಿ ನಿಂತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. "ಹಸಿ ಮೈ ಅದ, ಎಳೀ ಕೂಸದ."

ಒಳಗಿನಿಂದ ಸುಗಲಾ ಕೂಗಿ ಹೇಳಿದಳು, "ಕರಕೊಂಡು ಬರ್ರಿ ಯವ್ವಾ. ನಾ ಕೂಸಿನ್ನ ತಗೊಂಡು ಆ ಮೂಲ್ಯಾಗ ಕುಂದರ್ತೀನಿ."

ಅಂಬಾರಾಯನನ್ನು ಪೆಟ್ಟಿಗೆಯ ಮುಂದೆ ಚಾಪೆಯ ಮೇಲೆ ಮಲಗಿಸಿದರು. ಅಡ್ಡಗಟ್ಟಿದ್ದ ಸೀರೆಯನ್ನು ಗುಂಡಮ್ಮನೇ ಕಿತ್ತು, ಹರಿದು, ಒದ್ದೆ ಮಾಡಿ ಅವನ ಕುತ್ತಿಗೆಗೂ ಕಂಕುಳಿಗೂ ಇಟ್ಟಳು. ಇಟ್ಟ ಅರಿವೆ ಗಳಿಗೆಯಲ್ಲಿ ಆರುತ್ತಿತ್ತು. ಜಗದೇವಿ ಯಂತ್ರವನ್ನು ಪೂರ್ತಿ ಏರಿಸಿದಳು. ಅವನ ಮೈಯ ಬಿಸಿ, ಅವನನ್ನು ಹೊತ್ತು ತಂದವರ ಬಿಸಿ, ತೆರೆದ ಬಾಗಿಲಿಂದ ನುಗ್ಗಿದ ಓಣಿಯ ಬಿಸಿ, ಎಲ್ಲವನ್ನೂ ಅದು ಎಳೆದುಕೊಳ್ಳತೊಡಗಿತು. ಹೊಸ ಇಟ್ಟಿಗೆಯನ್ನು ಅಂದು ಬೆಳಿಗ್ಗೆಯಷ್ಟೇ ಹಾಕಿದ್ದರು. ಅದೇ ಕೊನೆಯದು. ಮುಂದಿನ ದಿನದವರೆಗೂ ಬರಬೇಕಿದ್ದ ಇಟ್ಟಿಗೆ.

ಅವನ ಉಸಿರು ಸ್ವಲ್ಪ ನಿಧಾನವಾಯಿತು. ರೆಪ್ಪೆ ಅಲುಗಾಡಿತು. ಏನೋ ಅಂದ. ಜಗದೇವಿ ಬಾಗಿ ಕೇಳಿದಳು.

"ಪಾಟೀಲರ ಮನಿ ಸೀರಿ" ಎಂದ. "ಮದವಿ ಸೀರಿ. ಒಳಗ ಉಳದಾವ."

"ಇರ್ಲಿ ಬಿಡು ಅಂಬಾರಾಯ. ಸೀರಿ ಎಲ್ಲಾ ಹೊರಗ ಬಂದಾವ" ಎಂದಳು. ಬಂದಿರಲಿಲ್ಲ.

ಆಗ ಕೆಂಪು ದೀಪ ಹತ್ತಿತು. ಯಂತ್ರ ಒಂದು ಸಲ ಕೆಮ್ಮಿದಂತೆ ಮಾಡಿ ನಿಂತಿತು. ಆ ಸದ್ದು ನಿಂತಾಗಲೇ ಅದು ಇಷ್ಟು ದಿನ ಎಷ್ಟು ದೊಡ್ಡದಾಗಿತ್ತು ಎಂಬುದು ಎಲ್ಲರಿಗೂ ತಿಳಿಯಿತು. ಜಗದೇವಿ ಅಂಗಳಕ್ಕೆ ಫೋನು ಮಾಡಿದಳು. "ಒಂದು ಇದ್ರ ಸಾಕು ಇಮ್ತಿಯಾಜ್" ಎಂದಳು. ಆ ಕಡೆಯಿಂದ ಅವನು, "ದವಾಖಾನಿಯವರು ಮುಂಜಾನೆನೇ ಎಲ್ಲಾ ಒಯ್ದಾರ್ರಿ ಮೇಡಂ. ಹುಡುಕಿದ್ರೂ ಒಂದೂ ಇಲ್ಲ" ಎಂದ. ಅವನು ಸುಳ್ಳು ಹೇಳುವವನಲ್ಲ. ದವಾಖಾನೆಯ ಪಾಲಿನಿಂದ ತನ್ನ ಮನೆಗೆ ಬಂದವು ಅವಳ ನೆನಪಿಗೆ ಬಂದವು. ಅವು ಇಲ್ಲದಿದ್ದರೆ ಕೂಸು ಏನಾಗುತ್ತಿತ್ತು ಎಂಬುದೂ ನೆನಪಿಗೆ ಬಂತು. ಎರಡನ್ನೂ ಒಟ್ಟಿಗೆ ಹಿಡಿದು ತೂಗಲು ಅವಳಿಂದ ಆಗಲಿಲ್ಲ.

ಕೋಣೆ ಕಾಯತೊಡಗಿತು. ಮೂಲೆಯಲ್ಲಿ ಕೂಸು ಮುಲುಗಿತು. ಸುಗಲಾ ಅದರ ಮೇಲೆ ಬಾಗಿ ಊದುತ್ತಿದ್ದಳು. ಕಾಶೀನಾಥ ರಟ್ಟಿನಿಂದ ಒಮ್ಮೆ ಇತ್ತ ಬೀಸಿದ, ಒಮ್ಮೆ ಅತ್ತ ಬೀಸಿದ. ಬೀಸಿದ್ದೂ ಬಿಸಿಗಾಳಿಯೇ. ಜಗದೇವಿಗೆ ಈ ಬಿಸಿಯ ಬಗ್ಗೆ ಗೊತ್ತಿಲ್ಲದ್ದೇ ಇರಲಿಲ್ಲ. ಅದು ಯಾವ ಗೋಡೆಯಿಂದ ಎಷ್ಟು ಬರುತ್ತದೆ, ಒಂದು ಮೈ ಎಷ್ಟನ್ನು ತಾಳಬಲ್ಲದು, ಇನ್ನು ಎಷ್ಟು ಹೊತ್ತು ಉಳಿದಿದೆ, ಎಲ್ಲವನ್ನೂ ಅವಳು ಹೇಳಬಲ್ಲವಳಾಗಿದ್ದಳು. ಮಾಡಲು ಉಳಿದದ್ದು ಅರಿವೆ ಒದ್ದೆ ಮಾಡುವುದೊಂದೇ. ಅದನ್ನೇ ಮಾಡುತ್ತ ಕುಳಿತಳು.

ಆಂಬುಲೆನ್ಸ್ ಬಂದಾಗ ಅಂಬಾರಾಯನ ಉಸಿರು ಇತ್ತು. ಕಾಶೀನಾಥ ಜೊತೆಗೆ ಹೋದ. ಬಿಸಿಲು ಇಳಿಯುವ ಹೊತ್ತಿಗೆ ಅವನ ಫೋನು ಬಂತು. "ಹೋದ" ಎಂದ, ಅಷ್ಟೇ. ಆಳಂದದ ಮಗಳಿಗೆ ಹೇಳಿ ಕಳಿಸಿದ್ದೇನೆ ಎಂದೂ ಹೇಳಿ ಇಟ್ಟ.

ಗುಂಡಮ್ಮ ಗೋಡೆಗೊರಗಿ ಕುಳಿತಿದ್ದಳು. ಕೋಣೆಯ ಬಾಗಿಲು ತೆರೆದಿಟ್ಟಿದ್ದರು. ಮುಂದಿನ ಪಡಸಾಲೆಯಲ್ಲಿ ಒದ್ದೆ ಗೋಣಿತಾಟಿನ ಮೇಲೆ ಸುಗಲಾ ಕೂಸನ್ನು ಎದೆಗೆ ಹಚ್ಚಿಕೊಂಡು ಮಲಗಿದ್ದಳು. ಅದು ಹಾಲು ಕುಡಿಯುತ್ತಿತ್ತು. ನಿಧಾನವಾಗಿ, ನಡುನಡುವೆ ಮರೆತು, ಮತ್ತೆ ನೆನಪಿಸಿಕೊಂಡು ಕುಡಿಯುತ್ತಿತ್ತು.

"ಜಗದೇವಿ" ಎಂದಳು ಗುಂಡಮ್ಮ. "ಅದನ್ನ ಮನ್ಯಾಗಿಂದ ತಗದು ಒಯ್ಯಿ. ಕೂಸಿನ ಬಾಜೂಕ ಬ್ಯಾಡ."

ಜಗದೇವಿ ಪೆಟ್ಟಿಗೆಯ ತಳದಿಂದ ಇಟ್ಟಿಗೆಯನ್ನು ಎಳೆದಳು. ಕೌದಿಯಲ್ಲಿ ಸುತ್ತಿ, ಪೆಟ್ಟು ತಾಗದಂತೆ ಎರಡೂ ತೋಳುಗಳಲ್ಲಿ ಎತ್ತಿಕೊಂಡಳು. ಹೊರಗೆ ಶೆಡ್ಡು ಇನ್ನೂ ಸುಡುತ್ತಿತ್ತು. ಅದನ್ನು ದೂರದಿಂದ ಸುತ್ತಿಬಳಸಿ ಓಣಿಯುದ್ದಕ್ಕೂ ನಡೆದಳು. ಅವಳ ತೋಳಿನಲ್ಲಿ ಏನಿದೆಯೆಂದು ಕಂಡವರು ಬಾಗಿಲಿಗೆ ಬಂದು ನಿಂತರು.

"ಇಲ್ಲಿ ಬ್ಯಾಡ್ರಿ ಅಕ್ಕೋರೆ. ಒಳಗ ಮಕ್ಕಳಾವ."

ಮುಂದಿನ ಮನೆಯವಳು ಬೇಡವೆಂದು ತಲೆಯಾಡಿಸಿದಳು. ಗಿರಣಿಯವನು ಬಾಗಿಲನ್ನೇ ಮುಚ್ಚಿಕೊಂಡ. ಯಾರ ಮೇಲೂ ಅವಳಿಗೆ ಸಿಟ್ಟು ಬರಲಿಲ್ಲ. ಇಡಲು ಕೇಳಬೇಕೆಂದೂ ಅವಳು ಹೊರಟಿರಲಿಲ್ಲ. ನಿಲ್ಲಲು ಜಾಗ ಸಿಗದೆ ನಡೆಯುತ್ತಿದ್ದಳು, ಅಷ್ಟೇ. ತೋಳುಗಳು ಸೋತವು. ಗದ್ದವನ್ನು ಕೌದಿಗೆ ಆನಿಸಿ ಸ್ವಲ್ಪ ಹೊತ್ತು ನಿಂತು ಮತ್ತೆ ನಡೆದಳು.

ಓಣಿ ಮುಗಿದು, ರಿಂಗ್ ರಸ್ತೆ ದಾಟಿದರೆ ಬಯಲು. ಅಲ್ಲಿ ಆಗಲೇ ಜನರಿದ್ದರು. ರಸ್ತೆಯ ಅಂಚಿನುದ್ದಕ್ಕೂ, ಒಬ್ಬರಿಂದೊಬ್ಬರು ಒಂದಷ್ಟು ದೂರ ಬಿಟ್ಟು, ಗಂಡಸರು, ಹೆಂಗಸರು, ಮುದುಕರು ಕುಳಿತಿದ್ದರು. ಒಬ್ಬೊಬ್ಬರ ಮಡಿಲಲ್ಲೂ ಚಾದರದಲ್ಲೋ ಹಳೆಯ ಲುಂಗಿಯಲ್ಲೋ ಸುತ್ತಿದ ಇಟ್ಟಿಗೆ ಇತ್ತು. ಕೆಳಗಿಡಲು ಯಾರಿಗೂ ಧೈರ್ಯವಿರಲಿಲ್ಲ. ಇಟ್ಟಿಗೆ ಉಬ್ಬಿ ಸಿಡಿಯುವಷ್ಟು ನೆಲ ಕಾದಿತ್ತು. ಮಾಸಿದ ಆಕಾಶ ಕೈಗೆಟುಕುವಷ್ಟು ಕೆಳಗೆ ಬಂದಂತಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು.

ಜಗದೇವಿ ಒಂದು ಖಾಲಿ ಜಾಗ ನೋಡಿ ಮೆಲ್ಲಗೆ ಕುಳಿತಳು. ಪಕ್ಕದಲ್ಲಿದ್ದ ಹೆಂಗಸಿಗೆ ಅವಳ ಪರಿಚಯವಿತ್ತೋ, ಯಾರಾದರೂ ಹೇಳಿದ್ದರೋ, ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು.

"ಅಕ್ಕಾ, ನೀವು ಅಂಗಳದಾಗ ಇರ್ತೀರಲ್ಲ. ಆಕಾಶ ಯಾವಾಗ ತೆರೀತದ್ರಿ?"

ಸಾಲಿನುದ್ದಕ್ಕೂ ಮುಖಗಳು ಅವಳತ್ತ ತಿರುಗಿದವು.

"ಗೊತ್ತಿಲ್ಲವ್ವಾ" ಎಂದಳು ಜಗದೇವಿ.

ಮುಖಗಳು ಮತ್ತೆ ಮೇಲಕ್ಕೆ ಹೋದವು. ಅವಳೂ ಮಡಿಲನ್ನು ಎರಡೂ ಕೈಯಲ್ಲಿ ಬಳಸಿ ಹಿಡಿದು ಆಕಾಶ ನೋಡತೊಡಗಿದಳು.